ಹೆಬ್ಬೆರಳಿಲ್ಲದ ಹೆಜ್ಜೆ

ಕುರುಗೋಡಿನ ನಮ್ಮ ಓಣಿಯಲ್ಲಿ ಇವತ್ತಿಗೂ ಮಕ್ಕಳು ಹಟ ಹಿಡಿದರೆ "ನಾಕ ಬಟ್ಟಿನಾಕಿ ಬರ್ತಾಳ ನೋಡು" ಎಂದು ಹೆದರಿಸುತ್ತಾರೆ. ನಮ್ಮ ಕಡೆ ಬೆರಳಿಗೆ ಬಟ್ಟು ಎನ್ನುವುದು ರೂಢಿ. ಕಾಲಿಗೆ ನಾಲ್ಕೇ ಬೆರಳಿರುವ ಒಂದು ಹೆಣ್ಣು ದೆವ್ವ ಕೋಳಿ ಕೂಗುವ ಮುಂಚೆ ಓಣಿಯಲ್ಲಿ ಓಡಾಡುತ್ತದೆ, ಅದು ಯಾರ ಬಾಗಿಲ ಮುಂದೆ ಹಾದರೆ ಆ ಮನೆಯ ಕೂಸು ಉಳಿಯುವುದಿಲ್ಲ ಎಂಬುದು ಕಥೆ. ಹೇಳುವವರಲ್ಲಿ ಆಕೆಯನ್ನು ಕಂಡವರು ಒಬ್ಬರೂ ಇಲ್ಲ. ನಾನು ಕಂಡಿದ್ದೇನೆ. ಆಕೆ ನನ್ನ ಅಕ್ಕ.

ನಾನು ಓದಿದ್ದು ಮೂರನೆಯ ಕ್ಲಾಸಿನ ತನಕ. ಬರೆದು ಅಭ್ಯಾಸವಿಲ್ಲ. ಬಾಯಲ್ಲಿ ಹೇಳಲಾಗದೆ ಐವತ್ತು ವರ್ಷ ಕಳೆದೆ. ಕೈಯಲ್ಲಾದರೂ ಹೇಳೋಣವೆಂದು ಕೂತಿದ್ದೇನೆ.

ಅಕ್ಕ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ನಾನು ಹುಟ್ಟಿದ ಹನ್ನೊಂದನೆಯ ದಿನ ಅವ್ವ ತೀರಿಕೊಂಡಳಂತೆ. ಅದೇ ವರ್ಷ ಅಕ್ಕನ ಗಂಡನೂ ಹೋದ. ಅವಳಿಗೆ ಮಕ್ಕಳಿರಲಿಲ್ಲ. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ನಿಂತಳು. ಬಳ್ಳಾರಿ ಸೀಮೆ ಆಗ ಮದರಾಸಿಗೆ ಸೇರಿತ್ತು.

ಗಿರಣಿಯ ಹಿಂದೆ ಗಚ್ಚು ಹಾಕಿದ ದೊಡ್ಡ ಕಣವಿತ್ತು. ಬೇಯಿಸಿದ ಭತ್ತವನ್ನು ಅದರ ತುಂಬ ಹರವುತ್ತಿದ್ದರು. ಅದು ಒಂದೇ ಸಮ ಒಣಗಬೇಕಾದರೆ ಆಗಾಗ ತಿರುವಿ ಹಾಕಬೇಕು. ಆ ತಿರುವಿ ಹಾಕುವ ಕೆಲಸವನ್ನು ಹೆಂಗಸರು ಕಾಲಲ್ಲೇ ಮಾಡುತ್ತಿದ್ದರು. ಪಾದ ಎತ್ತದೆ, ಗಚ್ಚಿಗೆ ಒತ್ತಿಕೊಂಡು ಎಳೆಯುತ್ತ ಕಣದ ಈ ತುದಿಯಿಂದ ಆ ತುದಿಗೆ ಹೋಗುವರು. ಹಿಂದೆ ಎರಡು ಸಾಲು ಬೀಳುತ್ತಿದ್ದವು, ನೇಗಿಲು ಹೊಡೆದಂತೆ. ಇನ್ನೂ ಒಂದು ನಿಯಮವಿತ್ತು. ಮೆತ್ತನೆಯ ಕಾಳನ್ನು ತುಳಿದರೆ ಒಡೆದು ನುಚ್ಚಾಗುತ್ತದೆ. ಹಾಗಾಗಿ ಕಣ ದಾಟುವವರು ಮೊದಲು ಇಟ್ಟ ಹೆಜ್ಜೆಯ ಗುಳಿಯಲ್ಲೇ ಮತ್ತೆ ಹೆಜ್ಜೆ ಇಡಬೇಕು. ನಾನು ಚಿಕ್ಕವಳಿದ್ದಾಗ ಅಕ್ಕನ ಹಿಂದೆ ಅವಳ ಹೆಜ್ಜೆಯೊಳಗೆ ನನ್ನ ಹೆಜ್ಜೆ ಇಟ್ಟುಕೊಂಡು ಹೋಗುತ್ತಿದ್ದೆ. ಬಿಸಿ ಗಚ್ಚಿನ ಮೇಲೆ ಅವಳ ಪಾದ ಬಿದ್ದ ಜಾಗವಷ್ಟೇ ತಣ್ಣಗಿರುತ್ತಿತ್ತು ಎಂಬ ನೆನಪು. ಅದು ನಿಜವಿರಲಾರದು. ಆದರೂ ಹಾಗೇ ನೆನಪಿದೆ.

ಇಪ್ಪತ್ತೈದು ವರ್ಷ ಅವಳು ಆ ಕೆಲಸ ಮಾಡಿದಳು. ಇಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಡುವುದು ಮೈಗೆ ಅಂಟಿಹೋಯಿತು. ಬೀದಿಯಲ್ಲಿ ನಡೆದರೂ ಹಾಗೆಯೇ, ನಿನ್ನೆಯ ಜಾಗದಲ್ಲೇ ಇವತ್ತಿನ ಕಾಲು.

ಅವಳ ಕಾಲು ಕೆಟ್ಟದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ನಮ್ಮ ಅಜ್ಜಿಗೂ ಅಂಥದೇ ಕಾಲಿತ್ತಂತೆ. ಗಂಡ ಸತ್ತಾಗ ಕಾಲುಂಗುರ ತೆಗೆದರಲ್ಲ, ಆಮೇಲೆ ಬೆರಳುಗಳಿಗೆ ಹಿಡಿತ ತಪ್ಪಿತು ಎಂದು ಅಕ್ಕ ನಂಬಿದ್ದಳು. ಹೆಬ್ಬೆರಳಿನ ಬುಡದಲ್ಲಿ ಒಳಮಗ್ಗುಲಿಗೆ ಒಂದು ಗಂಟು ಎದ್ದಿತು, ಹುಣಸೆ ಬೀಜದಷ್ಟು. ಯುದ್ಧದ ವರ್ಷಗಳಲ್ಲಿ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲದಲ್ಲಿ, ಅದು ನಿಂಬೆಕಾಯಿಯಷ್ಟಾಯಿತು. ಗಂಟು ಹೊರಗೆ ಬಂದಷ್ಟೂ ಹೆಬ್ಬೆರಳು ಒಳಗೆ ವಾಲಿ, ಎರಡನೆಯ ಬೆರಳಿನ ಅಡಿಗೆ ನುಸುಳಿ ಅಲ್ಲೇ ಮಲಗಿತು. ಎರಡನೆಯ ಬೆರಳು ಅದರ ಮೇಲೆ ಸವಾರಿ ಮಾಡಿತು. ಮೊದಲು ಬಲಗಾಲು, ಎರಡು ವರ್ಷದ ನಂತರ ಎಡಗಾಲು.

ಅವಳ ನಡಿಗೆಯೇ ಬದಲಾಯಿತು. ಹೆಬ್ಬೆರಳು ಊರಿದರೆ ನೋವು. ಅದಕ್ಕೆ ಅವಳ ಭಾರವೆಲ್ಲ ಪಾದದ ಹೊರ ಅಂಚಿಗೆ ಹೋಯಿತು. ಹೆಜ್ಜೆ ಗಿಡ್ಡವಾಯಿತು. ಪಾದದ ತುದಿ ಹೊರಕ್ಕೆ ತಿರುಗಿತು. ನಾವೆಲ್ಲ ಹಿಮ್ಮಡಿಯಿಂದ ಬೆರಳಿನ ಕಡೆಗೆ ಉರುಳಿ ನಡೆಯುತ್ತೇವೆ. ಅವಳು ಹಾಗೆ ಉರುಳಲಾರದೆ ಗಡಿಗೆಯ ಮುಚ್ಚಳ ಎತ್ತಿದಂತೆ ಇಡೀ ಪಾದವನ್ನು ಒಂದೇ ಸಲ ಎತ್ತಿ ಒಂದೇ ಸಲ ಇಡುತ್ತಿದ್ದಳು. ಮೈ ಆ ಕಡೆ ಈ ಕಡೆ ತೂಗುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿಯುವಳು. ತಪ್, ಸ್ವಲ್ಪ ತಡೆದು ಮತ್ತೆ ತಪ್. ಕಣ್ಣು ಮುಚ್ಚಿದ್ದರೂ ಅಕ್ಕ ಬಂದದ್ದು ಗೊತ್ತಾಗುತ್ತಿತ್ತು.

ಕಣದಲ್ಲಿ ಅವಳ ಸಾಲು ಡೊಂಕಾಯಿತು. ಹೆಬ್ಬೆರಳು ತಾಗದ ಕಡೆ ಭತ್ತ ತಿರುಗದೆ ಹಸಿಯಾಗೇ ಉಳಿಯಿತು. ಗಿರಣಿಯ ಮೇಸ್ತ್ರಿ ಒಂದು ದಿನ ಎಲ್ಲರ ಮುಂದೆ ಕೂಗಿದ.

"ಏನವ್ವ, ನಿನ್ನ ಸಾಲು ಹಾವು ಹರದಂಗ ಐತಿ! ನೆಲ್ಲು ಒಣಗಸಾಕ ಬಂದೀಯೋ, ರಂಗೋಲಿ ಹಾಕಾಕ ಬಂದೀಯೋ?"

"ಹಾವಿಗೆ ಒಂದೂ ಕಾಲಿಲ್ರಿ, ನನಗ ಎರಡ ಅದಾವ. ತಡಕೊಳ್ರಿ" ಎಂದಳಂತೆ ಅಕ್ಕ.

ಅವನು ನಕ್ಕ. ಎರಡು ತಿಂಗಳು ತಡೆದುಕೊಂಡ. ಆಮೇಲೆ ಬರಬೇಡವೆಂದ.

ಸ್ವಾತಂತ್ರ್ಯ ಬಂದ ಮರುವರ್ಷ ಅಕ್ಕ ಒಂದು ಗಂಟು ಬಟ್ಟೆಯೊಡನೆ ಕುರುಗೋಡಿನ ನನ್ನ ಮನೆಗೆ ಬಂದಳು. ನನ್ನ ಮದುವೆ ಮಾಡಿಕೊಟ್ಟವಳೂ ಅವಳೇ. ಆಗ ನಾನು ಬಸುರಿ. ಮುಂಚೆ ಎರಡು ಕೂಸು ಕಳೆದುಕೊಂಡಿದ್ದೆ. ಒಂದು ಹುಟ್ಟಿದ ದಿನವೇ ಹೋಗಿತ್ತು, ಇನ್ನೊಂದು ಮೂರು ತಿಂಗಳಿಗೆ. ಈ ಸಲವೂ ಹೋದರೆ ಗಂಡನಿಗೆ ಬೇರೆ ಹೆಣ್ಣು ತರುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು.

ನನ್ನ ಅತ್ತೆ ಕಲ್ಲು ಮನಸ್ಸಿನವರಲ್ಲ. ಹೆದರುವ ಮನಸ್ಸಿನವರು. "ಇರಲಿ ಬಿಡು. ಬಸುರಿಗೆ ಒಂದು ಕೈ ಆಸರ ಆಕೈತಿ. ಆದ್ರ ಮುಂಜಾನೆ ಎದ್ದ ಕೂಡ್ಲೆ ಗಂಡ ಸತ್ತಾಕಿ ಮುಖ ನನಗ ಕಾಣಬಾರ್ದು, ನಿನಗೂ ಕಾಣಬಾರ್ದು" ಎಂದರು. ಅಕ್ಕ ಕೇಳಿಸಿಕೊಂಡಳು. ಅವತ್ತಿನಿಂದ ಎಲ್ಲರಿಗಿಂತ ಮೊದಲು ಎದ್ದು, ಕೊಡ ಹೊತ್ತು, ಓಣಿಯ ಕೊನೆಯ ಮೆಟ್ಟಿಲ ಬಾವಿಗೆ ಹೋಗಿ, ನೀರು ತಂದಿಟ್ಟು, ನಾವು ಏಳುವ ಹೊತ್ತಿಗೆ ಹಿತ್ತಲಿನ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು.

ನನ್ನ ಹೊಟ್ಟೆ ತೋರಿಸಲು ಬಳ್ಳಾರಿಗೆ ಹೋಗುವಾಗ ಒಮ್ಮೆ ಅವಳನ್ನೂ ಕರೆದುಕೊಂಡು ಹೋದೆ. ಕೌಲ್ ಬಜಾರಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಮುದುಕ ಸಾಬರಿದ್ದರು. ಗಿರಣಿಯಲ್ಲಿದ್ದಾಗ ಮನೆಗೆ ಹೋಗಿ ಬರಲು ಅಕ್ಕ ಮೆಟ್ಟುತ್ತಿದ್ದ ಹಳೆಯ ಚಪ್ಪಲಿಯನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಸಾಬರು ಅವಳ ಕಾಲು ನೋಡುವ ಮೊದಲು ಆ ಚಪ್ಪಲಿಯನ್ನು ತಿರುಗಿಸಿ ನೋಡಿದರು.

"ಇಲ್ಲಿ ನೋಡಮ್ಮ. ಹಿಮ್ಮಡಿ ಹೊರಗಡಿ ಸವದು ಹೋಗೇತಿ. ನಡಕ್ಕ ಎರಡನೇ ಬಟ್ಟಿನ ಕೆಳಗ ತೂತು ಬಿದ್ದೈತಿ. ಹೆಬ್ಬಟ್ಟಿನ ಜಾಗ ಹೊಸಾ ಚಪ್ಲಿ ಹಂಗ ಐತಿ! ಮನ್ಯಾಗ ದೊಡ್ಡ ಮಗ ಕುಂತು ಉಣ್ತಾನ, ಸಣ್ಣವನ ಕಡೆ ದುಡಸ್ತೀರಿ."

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

"ನಡಿಯೂದು ಅಂದ್ರ ನೆಲಾನ ಹಿಂದಕ ನೂಕೂದಮ್ಮ. ಆ ನೂಕೋ ಕೆಲಸ ಹೆಬ್ಬಟ್ಟಿಂದು. ಅದು ಮಲಗಿಬಿಟ್ರ ಮೊಣಕಾಲು ದುಡೀಬೇಕು, ಸೊಂಟ ದುಡೀಬೇಕು. ವಯಸ್ಸಾದ ಹೆಣ್ಮಕ್ಕಳು ಬೀಳೂದು ಹಿಂಗ. ಕತ್ತಲಾಗ ಎಡವಿದ್ರ ಹಿಡಕೊಳ್ಳಾಕ ಬಟ್ಟು ಇರಂಗಿಲ್ಲ" ಎಂದರು. ಕಾಗದದ ಮೇಲೆ ಅವಳನ್ನು ನಿಲ್ಲಿಸಿ ಪಾದದ ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆದರು. ಗಂಟಿನ ಹತ್ತಿರ ಬಂದಾಗ ಕೈ ನಿಧಾನ ಮಾಡಿದರು. ಗಂಟಿಗೆ ತಾಗದಂತೆ ಮಗ್ಗುಲು ಬಿಟ್ಟು, ಮೆತ್ತನೆ ಆಡಿನ ತೊಗಲು ಹಾಕಿ, ದಪ್ಪ ಅಟ್ಟೆ ಕೊಟ್ಟು ಹೊಲಿಯುತ್ತೇನೆ, ಎಂಟು ದಿನ ಬಿಟ್ಟು ಬನ್ನಿ ಎಂದರು.

ನಾನು ಹೋಗಲಿಲ್ಲ.

ಅತ್ತೆಗೆ ಸುದ್ದಿ ತಿಳಿದು, "ಗಂಡ ಸತ್ತಾಕಿ ಚಪ್ಲಿ ಮೆಟಗೊಂಡು ಹಿರೇರ ಮುಂದ ಓಣ್ಯಾಗ ಟಪ ಟಪ ತಿರಗತಾಳೇನು? ನಾಕ ಮಂದಿ ನನ್ನ ಮುಖಕ್ಕ ಉಗುಳ್ತಾರ" ಎಂದಿದ್ದರು. ನಾನು ಎದುರು ಮಾತಾಡಲಿಲ್ಲ. ಅಕ್ಕ ಎರಡು ಸಲ ಕೇಳಿದಳು. "ಆ ಸಾಬ ಎಂಟು ದಿನ ಅಂದಿದ್ದನಲ್ಲ ತಂಗಿ?" ಒಮ್ಮೆ ಬಸ್ಸು ಸಿಗಲಿಲ್ಲವೆಂದೆ. ಇನ್ನೊಮ್ಮೆ ಇನ್ನೂ ಹೊಲಿದಿಲ್ಲವಂತೆ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ.

ಆ ಚಳಿಗಾಲದಲ್ಲಿ ಹತ್ತಿ ಬಂಡಿಗಳು ಓಡಾಡಿ ಓಣಿಯ ಮಣ್ಣು ಹಿಟ್ಟಿನಂತಾಗಿತ್ತು. ನಮ್ಮಿಂದ ಮೂರನೆಯ ಮನೆಯಲ್ಲಿ ನನ್ನ ವಾರಿಗೆಯ ಗೆಳತಿಯೊಬ್ಬಳಿದ್ದಳು. ಅವಳ ಆರು ತಿಂಗಳ ಕೂಸು ಜ್ವರ ಬಂದು ಒಂದು ಬೆಳಗಿನ ಜಾವ ಕಣ್ಣು ಮುಚ್ಚಿತು. ಬೆಳಗಾದ ಮೇಲೆ ಹೆಂಗಸರೆಲ್ಲ ಅಲ್ಲಿ ಸೇರಿದಾಗ, ಬಾಗಿಲ ಮುಂದಿನ ಮಣ್ಣಿನಲ್ಲಿ ಆ ಗುರುತುಗಳನ್ನು ಮೊದಲು ಕಂಡವಳು ಆ ಮನೆಯ ಅಜ್ಜಿ.

"ಇಲ್ಲಿ ಬರ್ರಿ. ಇದೇನಿದು ನೋಡ್ರಿ."

ನಾನೂ ಬಾಗಿ ನೋಡಿದೆ. ಹಿಮ್ಮಡಿಯ ಗುಳಿ. ಹೊರ ಅಂಚಿನ ಆಳವಾದ ಗೆರೆ. ಮುಂದೆ, ಒಳಮಗ್ಗುಲಿಗೆ, ಇನ್ನೊಂದು ಚಿಕ್ಕ ಹಿಮ್ಮಡಿ ಇದ್ದಂತೆ ದುಂಡನೆಯ ಒತ್ತು. ಅದರ ಮುಂದೆ ನಾಲ್ಕೇ ಬೆರಳು. ಹೆಬ್ಬೆರಳಿನ ಗುರುತೇ ಇಲ್ಲ. ನಡೆಯುವವರ ಬೆರಳು ಮಣ್ಣನ್ನು ಹಿಂದೆ ಚಿಮ್ಮುತ್ತದೆ, ಅದರಿಂದ ಯಾವ ದಿಕ್ಕಿಗೆ ಹೋದರೆಂದು ತಿಳಿಯುತ್ತದೆ. ಇಲ್ಲಿ ಚಿಮ್ಮಿದ ಮಣ್ಣೂ ಇಲ್ಲ. ಮೇಲಿನಿಂದ ಇಳಿಸಿ, ಮೇಲಕ್ಕೇ ಎತ್ತಿದಂತಿತ್ತು.

"ಹೋಗಿದ್ದೋ ಬಂದಿದ್ದೋ ತಿಳಿಯಂಗಿಲ್ಲ. ಮುಂದನೂ ಹಿಮ್ಮಡಿ, ಹಿಂದನೂ ಹಿಮ್ಮಡಿ" ಎಂದು ಯಾರೋ ಪಿಸುಗುಟ್ಟಿದರು.

ನನಗೆ ನೋಡಿದ ಕ್ಷಣವೇ ಗೊತ್ತಾಯಿತು. ಮಗುವಾಗಿದ್ದಾಗ ನಾನು ಕಾಲಿಟ್ಟು ಆಡಿದ ಹೆಜ್ಜೆಯೇ ಅದು, ಹೆಬ್ಬೆರಳೊಂದು ಅಡಗಿತ್ತು ಅಷ್ಟೇ. ಆದರೂ ನಿಜ ಹೇಳುತ್ತೇನೆ, ನಾನೂ ಎರಡು ಹೆಜ್ಜೆ ಹಿಂದೆ ಸರಿದೆ. ಮೇಲೆ ಅಕ್ಕನ ಮೈ ಇಲ್ಲದೆ, ಮುಖ ಇಲ್ಲದೆ, ಸತ್ತ ಕೂಸಿನ ಬಾಗಿಲ ಮುಂದೆ ಬರೀ ಹೆಜ್ಜೆ ಬಿದ್ದಿದ್ದಾಗ ಅದು ಯಾರದೂ ಆಗಿರಲಿಲ್ಲ. "ಅದು ನಮ್ಮಕ್ಕನ ಕಾಲು, ನೀರಿಗೆ ಹೋಗಿದ್ದಳು" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಬಾಯಿ ತೆರೆದೆ. ಅತ್ತೆ ನನ್ನ ಹೊಟ್ಟೆಯ ಮೇಲೆ ಸೆರಗೆಳೆದು, "ನೀ ಇಲ್ಲಿ ನಿಲ್ಲಬ್ಯಾಡ, ಒಳಗ ನಡಿ" ಎಂದರು. ಒಳಗೆ ಹೋದೆ.

ಮರುದಿನವೂ ಹೆಜ್ಜೆ ಬಿದ್ದಿತ್ತು. ಅದರ ಮರುದಿನವೂ. ಅದೇ ಜಾಗದಲ್ಲಿ, ಒಂದು ಬೆರಳಗಲವೂ ಆಚೀಚೆ ಇಲ್ಲದೆ. ಓಣಿ ಸಂಜೆಗೇ ಬಾಗಿಲು ಹಾಕತೊಡಗಿತು. ಹಸುಗೂಸುಗಳ ತಲೆದೆಸೆಗೆ ಕಬ್ಬಿಣ ಇಟ್ಟರು. ಆಗಲೇ ಆ ಹೆಸರು ಹುಟ್ಟಿದ್ದು, ನಾಕ ಬಟ್ಟಿನಾಕಿ.

ನಾಲ್ಕನೆಯ ದಿನ ಆ ಅಜ್ಜಿ ಒಂದು ಉಪಾಯ ಹೇಳಿದಳು. ಬದುಕಿದವರದ್ದೋ ಅಲ್ಲವೋ ಎಂದು ಮೊದಲು ತಿಳಿಯಬೇಕು, ಓಣಿಯ ಪ್ರತಿ ಹೆಣ್ಣೂ ಬೂದಿಯಲ್ಲಿ ಕಾಲೊತ್ತಬೇಕು. ಒಂದು ಮೊರದಲ್ಲಿ ಜರಡಿ ಹಿಡಿದ ಒಲೆ ಬೂದಿ ಹರವಿಕೊಂಡು ಮನೆ ಮನೆಗೆ ಬಂದರು. ಒಬ್ಬೊಬ್ಬರು ಬಲಗಾಲು ಒತ್ತುವುದು, ನೋಡುವುದು, ಕೈಯಿಂದ ಬೂದಿ ಸಮ ಮಾಡುವುದು. ಹೆದರಿಕೆಯ ನಡುವೆಯೂ ನಗೆ.

"ಏ, ನಿಂದೇನು ಆನಿ ಕಾಲೇನ? ಮೊರಾನ ತುಂಬಿತು!"

"ನಿನ್ನ ಕಾಲಾಗ ಆರು ಬಟ್ಟು ಕಂಡ್ವು, ಮತ್ತೊಮ್ಮೆ ಇಡು!"

ನಾನು ಒತ್ತಿದೆ. ಅತ್ತೆ ಒತ್ತಿದರು. ಅಜ್ಜಿ ಕೇಳಿದಳು, "ನಿಮ್ಮಕ್ಕ ಎಲ್ಲದಾಳ?"

ಅತ್ತೆಯ ಕಣ್ಣು ನನ್ನ ಮೇಲಿತ್ತು. ಗಂಡ ಸತ್ತವಳು, ಮಕ್ಕಳಿಲ್ಲದವಳು, ಸತ್ತ ಕೂಸಿನ ಬಾಗಿಲಲ್ಲಿ ಅವಳ ಹೆಜ್ಜೆ. ಅವತ್ತೇ ಅವಳನ್ನು ಹೊರಗೆ ಹಾಕುತ್ತಾರೆ ಎಂದು ಹೆದರಿದೆ. ಇದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು. ಅಂಥವಳ ತಂಗಿ ಎಂದು ನನ್ನನ್ನೂ ಹೊರಗೆ ಹಾಕಿದರೆ?

"ಆಕಿಗೆ ಸೊಂಟ ಹಿಡದೈತಿ. ಏಳಾಕ ಬರಂಗಿಲ್ಲ. ಇಲ್ಲಿ ಕೊಡ್ರಿ, ಒಳಗ ಒಯ್ದು ಒತ್ತಿಸ್ಕೊಂಡು ಬರ್ತೀನಿ" ಎಂದು ಮೊರ ಇಸಿದುಕೊಂಡೆ.

ಹಿತ್ತಲಲ್ಲಿ ಅಕ್ಕ ರಾಶಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಿ, "ಏನದು ಮೊರದಾಗ?" ಎಂದಳು. "ಬೂದಿ, ಪಾತ್ರಿ ತಿಕ್ಕಾಕ" ಎಂದೆ. ನಡುಮನೆಯ ಕತ್ತಲಲ್ಲಿ ನಿಂತು, ಮೊದಲಿನಂತೆ ಕಾಣದಿರಲೆಂದು ಈ ಸಲ ನನ್ನ ಎಡಗಾಲು ಒತ್ತಿದೆ. ಹೊರಗೆ ತಂದು ತೋರಿಸಿದೆ. ಎಡಗಾಲು ಯಾಕೆಂದು ಅಷ್ಟು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಬೆರಳನ್ನೇ ಎಣಿಸುತ್ತಿದ್ದರು.

"ಐದೂ ಅದಾವ" ಎಂದರು.

ಅಜ್ಜಿ ಹೇಳಿದಳು, "ಹಂಗಾದ್ರ ಇದು ಬದುಕಿದಾಕಿ ಕಾಲಲ್ಲ."

ಯಾರೂ ನಗಲಿಲ್ಲ. ಅಕ್ಕ ಹಿತ್ತಲಲ್ಲಿ ಮೊರ ಕೇರುವ ಸಪ್ಪಳ ಕೇಳುತ್ತಿತ್ತು. ಆ ಬೂದಿಯಲ್ಲಿ ನಾನು ಬದುಕಿದ್ದ ಅಕ್ಕನನ್ನು ಸತ್ತವರ ಕಡೆಗೆ ದಾಟಿಸಿಬಿಟ್ಟೆ. ನಿಜ ಹೇಳಿದ್ದರೆ ಬೈಯುತ್ತಿದ್ದರು, ಕೂಗಾಡುತ್ತಿದ್ದರು, ನಾಲ್ಕು ದಿನ ನಕ್ಕು ಮರೆಯುತ್ತಿದ್ದರೇನೋ. ಈಗ ಅವರಿಗೆ ಬೇರೆ ಕೆಲಸ ಬಿತ್ತು.

ಪಕ್ಕದ ಹಳ್ಳಿಯಿಂದ ಗಾಳಿ ಬಿಡಿಸುವ ಒಬ್ಬನನ್ನು ಕರೆಸಿದರು. ಅವನು ಬಂದು ಹೆಜ್ಜೆಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದ. ಬಂಡಿಯ ಹಳೆಯ ಕಬ್ಬಿಣದ ಮೊಳೆ ತರಿಸಿದ. ಏಳು ಹೆಜ್ಜೆ ಎಣಿಸಿ, ಒಂದೊಂದು ಗುಳಿಯಲ್ಲೂ ಮೊನೆ ಮೇಲಾಗಿ ಮೊಳೆ ನೆಟ್ಟು, ಮೇಲೆ ಕಾಣದಷ್ಟು ಮಣ್ಣು ಮುಚ್ಚಿದ. "ಮನಶ್ಯಾರು ಎಲ್ಲೆಂದರಲ್ಲಿ ಕಾಲಿಡ್ತಾರ. ದೆವ್ವ ಹಂಗಲ್ಲ. ತನ್ನ ಹೆಜ್ಜಿ ಬಿಟ್ಟು ಬ್ಯಾರೆ ಕಡೆ ಇಡಂಗಿಲ್ಲ. ಇವತ್ತು ಯಾರೂ ಈ ಕಡೆ ತುಳೀಬ್ಯಾಡ್ರಿ" ಎಂದ.

ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗಿರಣಿಯ ಕಣದ ನಿಯಮವನ್ನೇ ಅವನು ಹೇಳುತ್ತಿದ್ದಂತೆ ಕೇಳಿಸಿತು.

ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅಕ್ಕ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಬಾತ ಕಾಲು ನನ್ನದು. ಅವಳ ಕಾಲನ್ನು ಅವಳು ಸೀರೆಯೊಳಗೆ ಮುಚ್ಚಿಟ್ಟುಕೊಂಡಿದ್ದಳು. ಯಾವಾಗಲೂ ಹಾಗೇ.

"ಯಕ್ಕಾ, ನಾಳಿಗೆ ನೀರು ನಾ ತರ್ತೀನಿ" ಎಂದೆ.

"ಹುಚ್ಚಿ. ನಾಕ ಬಟ್ಟಿನಾಕಿ ತಿರುಗೋ ಹೊತ್ತಿನ್ಯಾಗ ಬಸುರಿ ಹೊರಗ ಹೋಗ್ತಾರೇನು? ನೀ ಹೋಗಬಾರ್ದಂತನ ಅಲ್ಲೇನ ನಾ ಕೋಳಿ ಕೂಗೂದಕ್ಕಿಂತ ಮೊದ್ಲ ಹೋಗಿ ಬರೂದು?"

"ನಿನಗ ಹೆದರಿಕಿ ಇಲ್ಲ?"

ಅವಳ ಕೈ ನಿಂತಿತು. "ಐತಿ. ಬಾವಿಗೆ ಹೋಗಬೇಕಾದ್ರ ಹಿಂದ ಯಾರೋ ಬಂದಂಗ ಆಕೈತಿ. ತಪ್ ಅಂತೈತಿ, ಸ್ವಲ್ಪ ತಡದು ಮತ್ತ ತಪ್ ಅಂತೈತಿ. ನಾ ನಿಂತ್ರ ಅದೂ ನಿಲ್ತೈತಿ. ತಿರುಗಿ ನೋಡಾಕ ಧೈರ್ಯ ಇಲ್ಲ ತಂಗಿ."

ಅವಳು ತನ್ನ ಹೆಜ್ಜೆಯ ಸಪ್ಪಳಕ್ಕೆ ತಾನೇ ಹೆದರುತ್ತಿದ್ದಳು. ಅದು ನೀನೇ ಅಕ್ಕ, ಅಲ್ಲಿ ಮೊಳೆ ನೆಟ್ಟಿದ್ದಾರೆ, ಹೋಗಬೇಡ. ಇಷ್ಟೇ ಮಾತು. ಅದನ್ನು ಹೇಳಿದರೆ ಬೂದಿಯ ವಿಷಯ ಹೇಳಬೇಕಾಗುತ್ತಿತ್ತು. ಚಪ್ಪಲಿಯ ವಿಷಯವೂ ಬರುತ್ತಿತ್ತು. ಅವಳಿಗಿಂತ ಮೊದಲು ಎದ್ದು ಮೊಳೆ ಕಿತ್ತು ಬಿಡುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡು ಮಲಗಿದೆ.

ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ಹಂಡೆಗೆ ನೀರು ಸುರಿಯುವ ಸಪ್ಪಳ. ಓಡಿಹೋದೆ. ಅಕ್ಕ ಕೊಡ ಇಳಿಸಿ, ಕಂಬಕ್ಕೆ ಒರಗಿ ಕೂತು, ಬಲಗಾಲನ್ನು ಮಡಿಲಿಗೆಳೆದುಕೊಂಡಿದ್ದಳು. ಒಂದು ಹನಿ ನೀರು ಚೆಲ್ಲಿರಲಿಲ್ಲ.

"ಏನೋ ನೆಟ್ಟೈತಿ ನೋಡು."

ಎರಡನೆಯ ಬೆರಳಿನ ಕೆಳಗೆ, ಸಾಬರ ಕೈಯಲ್ಲಿ ಹಳೆಯ ಚಪ್ಪಲಿಗೆ ತೂತು ಕಂಡಿದ್ದ ಜಾಗದಲ್ಲೇ, ಮೊಳೆ ಹೊಕ್ಕಿತ್ತು. ಅವಳ ಇಡೀ ಮೈಯ ಭಾರ ಬೀಳುತ್ತಿದ್ದ ಜಾಗ ಅದು. ಕಿತ್ತೆ. ಅರಿಸಿನ, ಕಾಯಿಸಿದ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದೆ. ಆಮೇಲೆ ಪೊರಕೆ ಹಿಡಿದು ಓಣಿಗೆ ಹೋದೆ. ಯಾರೂ ಏಳುವ ಮುಂಚೆ ಹನಿ ಹನಿ ರಕ್ತ ಬಿದ್ದ ಮಣ್ಣು ಗುಡಿಸಿದೆ. ನೋವಿಗೆ ಅವಳು ಸಾಲು ತಪ್ಪಿಸಿದ್ದರಿಂದ ಉಳಿದಿದ್ದ ಆರು ಮೊಳೆ ಆರಿಸಿ ಬಾವಿಗೆ ಹಾಕಿದೆ. ಅಷ್ಟು ಚುರುಕಾಗಿ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ.

ಬೆಳಿಗ್ಗೆ ಮಂದಿ ಬಂದು ನೋಡಿದರು. ಮೊಳೆಗಳಿಲ್ಲ, ಹೆಜ್ಜೆಗಳಿಲ್ಲ. "ಮೊಳಿ ಸಮೇತ ಓಡಿ ಹೋಗೇತಿ" ಎಂದರು.

ಗೋಡೆಯ ಆಚೆ ಅವರು ಹಾಗೆ ಮಾತಾಡುತ್ತಿದ್ದಾಗ ಅಕ್ಕ ಕಾಲು ಚಾಚಿ ಮಲಗಿದ್ದಳು. ಕೇಳುತ್ತ ಕೇಳುತ್ತ ಹೇಳಿದಳು, "ಪಾಪ ಆಕಿ. ಆಕಿಗೂ ನನ್ನಂಗ ಗಂಟು ಇದ್ದೀತು. ಹೆಬ್ಬಟ್ಟು ಊರಾಕ ಬರಂಗಿಲ್ಲ ಆಕಿಗೂ." ನನ್ನ ಕಡೆ ನೋಡಲಿಲ್ಲ. ಸೂರು ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತೇ? ಈ ಒಂದು ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಯಾವ ಕಡೆಯಿಂದ ನೋಡಿದರೂ ಅದು ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯುವುದಿಲ್ಲ.

ಎಂಟನೆಯ ದಿನ ಗಂಜಿ ಕುಡಿಸುವಾಗ ಅವಳ ಬಾಯಿ ತೆರೆಯಲಿಲ್ಲ. ದವಡೆ ಕಚ್ಚಿಕೊಂಡಿತ್ತು. ತುಟಿ ಎರಡೂ ಕಡೆ ಎಳೆದು ನಗುತ್ತಿರುವಂತೆ ಕಾಣುತ್ತಿದ್ದಳು. ನನ್ನ ಗಂಡ ಬಂಡಿ ಕಟ್ಟಿ, ಬಸ್ಸು ಹಿಡಿಸಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದರು. ಧನುರ್ವಾಯು ಎಂದರು ಡಾಕ್ಟರು. "ಕಾಲಿಗೆ ಏನು ಚುಚ್ಚಿತ್ತಮ್ಮ?" ಎಂದು ಕೇಳಿದರು. ಗಂಡ ಪಕ್ಕದಲ್ಲೇ ನಿಂತಿದ್ದರು.

"ಮುಳ್ಳುರಿ" ಎಂದೆ.

ಕತ್ತಲು ಮಾಡಿದ ಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು. ಯಾರಾದರೂ ನಡೆದ ಸಪ್ಪಳವಾದರೆ ಸಾಕು, ಮೈ ಬಿಲ್ಲಿನಂತೆ ಬಾಗಿ ಏಳುತ್ತಿತ್ತು. ನಾನು ಬಾಗಿಲ ಹೊರಗೆ ಕೂತಲ್ಲೇ ಕೂತಿದ್ದೆ, ಹೆಜ್ಜೆ ಎತ್ತಿಡಲು ಹೆದರಿ. ಮೂರನೆಯ ದಿನ ಎಲ್ಲ ಸಡಿಲವಾಯಿತು.

ಓಣಿಯಲ್ಲಿ ಮತ್ತೆ ಆ ಹೆಜ್ಜೆ ಬೀಳಲಿಲ್ಲ. "ನಿಮ್ಮಕ್ಕನ್ನ ಒಯ್ದು ತೃಪ್ತಿ ಆತು ಅದಕ್ಕ. ನಿನ್ನ ಕೂಸಿನ ಮ್ಯಾಲಿಂದು ಆಕಿ ಮ್ಯಾಲೆ ಹೋತು" ಎಂದು ಅತ್ತೆ ಅತ್ತರು. ಅವರು ಅತ್ತದ್ದು ನಿಜವಾದ ಅಳು. ಎರಡು ತಿಂಗಳಿಗೆ ನನಗೆ ಹೆಣ್ಣು ಮಗು ಹುಟ್ಟಿತು. ಉಳಿಯಿತು.

ಮಗುವಿಗೆ ವರ್ಷ ತುಂಬುವ ಮುಂಚೆ ಒಮ್ಮೆ ಬಳ್ಳಾರಿಗೆ ಹೋದಾಗ ಕೌಲ್ ಬಜಾರಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಅಂಗಡಿಯ ಗೂಟಕ್ಕೆ ಆ ಚಪ್ಪಲಿಗಳು ಇನ್ನೂ ನೇತಾಡುತ್ತಿದ್ದವು. ಬೇರೆ ಯಾರ ಕಾಲಿಗೂ ಆಗುವಂಥವಲ್ಲ. ಸಾಬರು ಧೂಳು ಒರೆಸುತ್ತ ಕೇಳಿದರು, "ಬಹಳ ದಿನ ಮಾಡಿದ್ರಿ. ಅಕ್ಕ ಹೆಂಗದಾರ?"

"ಆರಾಮ ಅದಾಳ್ರಿ."

"ಮೊದ್ಲು ನಾಕ ದಿನ ಮನ್ಯಾಗ ಅಷ್ಟ ಮೆಟ್ಟಲಿ ಅನ್ನು. ಚಪ್ಲಿಗೂ ಕಾಲಿನ ಗುರುತು ಸಿಗಬೇಕು."

ಅವನ್ನು ಜೋಳ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಮುಚ್ಚಿಟ್ಟೆ. ಬಳ್ಳಾರಿ ಮೈಸೂರಿಗೆ ಸೇರಿತು, ಅತ್ತೆ ಹೋದರು, ಗಂಡ ಹೋದರು. ವರ್ಷಕ್ಕೊಮ್ಮೆ ತೊಗಲಿಗೆ ಎಣ್ಣೆ ಹಚ್ಚಿ ಮತ್ತೆ ಅಲ್ಲೇ ಇಡುತ್ತಿದ್ದೆ. ವಯಸ್ಸು ಐವತ್ತು ದಾಟಿದ ಮೇಲೆ ನನ್ನ ಬಲಗಾಲಿನ ಹೆಬ್ಬೆರಳು ವಾಲತೊಡಗಿತು. ಗಂಟು ಎದ್ದಿತು. ನನ್ನ ಭಾರ ಹೊರ ಅಂಚಿಗೆ ಸರಿಯಿತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದವಳು ಏನೋ ಮರೆತು ಹಿಂದಿರುಗಿ ನೋಡಿದೆ. ಕಲ್ಲಿನ ಮೇಲೆ ಒದ್ದೆ ಹೆಜ್ಜೆ ಸಾಲು ನನ್ನ ಕಡೆಗೇ ಬರುತ್ತಿತ್ತು. ನಾಲ್ಕು ಬೆರಳು, ಮುಂದೊಂದು ಚಿಕ್ಕ ಹಿಮ್ಮಡಿ. ಅಕ್ಕ ಮನೆಯೊಳಗೆ ಬಂದಿದ್ದಳು. ಆ ಚಪ್ಪಲಿಗಳು ಈಗ ನನಗೆ ಸರಿಯಾಗಿ ಹಿಡಿಸುತ್ತವೆ. ಗಂಟಿಗೆ ಎಲ್ಲೂ ತಾಗುವುದಿಲ್ಲ.

ಮೂರನೆಯ ಮನೆಯ ಗೆಳತಿ ಇನ್ನೂ ಇದ್ದಾಳೆ. ಆಮೇಲೆ ಅವಳಿಗೆ ಐದು ಮಕ್ಕಳಾದರೂ ಆ ಆರು ತಿಂಗಳ ಕೂಸಿನ ಮಾತೆತ್ತಿದರೆ ಇವತ್ತೂ ಬಾಗಿಲ ಕಡೆ ನೋಡುತ್ತಾಳೆ. ಹೋದ ವಾರ ಒಂದು ಮೊರದಲ್ಲಿ ಬೂದಿ ಹರವಿಕೊಂಡು ಅವಳ ಮನೆಗೆ ಹೋದೆ. ಈಗ ಬೂದಿ ಸಿಗುವುದೂ ಕಷ್ಟ. ಅವಳ ಮುಂದೆ ಮೊರ ಇಟ್ಟು, ಚಪ್ಪಲಿ ಕಳಚಿ, ಬಲಗಾಲು ಒತ್ತಿದೆ.

ಅವಳು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದಳು.

"ಇದು ನಿನ್ನ ಕಾಲಾ?"

"ಹೂಂ. ಇದು ನಂದು. ಅವತ್ತಿಂದು ನಮ್ಮಕ್ಕಂದು. ನೀರಿಗೆ ಹೋಗತಿದ್ಲು. ನನಗ ಅವತ್ತೇ ಗೊತ್ತಿತ್ತು" ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಬೂದಿಯ ಮೇಲೆ ಕೈಯಾಡಿಸಿ ಗುರುತನ್ನು ಸಮ ಮಾಡಿದಳು. ಬಹಳ ನಿಧಾನವಾಗಿ, ಕೂಸಿನ ನೆತ್ತಿ ಸವರಿದಂತೆ. ಆಮೇಲೆ ಕೇಳಿದಳು.

"ಹಂಗಾದ್ರ ನನ್ನ ಕೂಸನ್ನ ಯಾರು ಒಯ್ದರು?"

ಚಪ್ಪಲಿ ಮೆಟ್ಟಿಕೊಂಡೆ. ಮೊರ ಎತ್ತಿಕೊಂಡು ಎದ್ದೆ. ಓಣಿಗೆ ಈಗ ಕಾಂಕ್ರೀಟು ಹಾಕಿದ್ದಾರೆ, ಯಾರ ಹೆಜ್ಜೆಯೂ ಮೂಡುವುದಿಲ್ಲ. ನನ್ನ ಮನೆಯ ತನಕ ನಡೆದೆ. ತಪ್, ಸ್ವಲ್ಪ ತಡೆದು ಮತ್ತೆ ತಪ್. ಅವಳು ಬಾಗಿಲಲ್ಲಿ ನಿಂತು ಆ ಸಪ್ಪಳವನ್ನು ಕೇಳುತ್ತಿದ್ದಿರಬೇಕು. ನಾನು ತಿರುಗಿ ನೋಡಲಿಲ್ಲ.